ಹಾಡಾಡಿ ಅಳುವ ದಿನ

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದರೆ ಅದು ಎಡಕ್ಕೆ ವಾಲಿತು. ಇಬ್ಬರು ಗಂಡಸರು ತೋಳು ಹಿಡಿದು ನೆಟ್ಟಗೆ ಮಾಡಿದರು, ಕೈ ಬಿಟ್ಟ ಕೂಡಲೇ ಮತ್ತೆ ವಾಲಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಾಗಮ್ಮ ಒಳಗಿಂದ ಒಂದು ದಿಂಬು ತಂದಳು. ಯಾರನ್ನೂ ಕೇಳದೆ ಭಾವನ ಎಡಪಕ್ಕೆಗೆ ತುರುಕಿದಳು.

"ನೆಟ್ಟಗ ಕುಂದರಸ್ರಿ. ಭಾವನೋರಿಗೆ ಚೊಲೊ ಕೇಳಿಸಬೇಕು" ಎಂದಳು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡಿರಬಹುದು. ಅಕ್ಕನಾಗಮ್ಮನ ತಲೆ ಅಷ್ಟು ನೆಟ್ಟಗೆ ಇದ್ದದ್ದು ಅವಳು ರಂಗೂನಿನಿಂದ ಈ ಮನೆಗೆ ಮರಳಿದ ಎಂಟು ವರ್ಷಗಳಲ್ಲಿ ಅದೇ ಮೊದಲು.

ಸತ್ತವನು ಚಂದ್ರಣ್ಣ, ಅವಳ ಗಂಡನ ಅಣ್ಣ. ಪೆದ್ದಕಡುಬೂರಿನಲ್ಲಿ ಅರವತ್ತೆಕರೆ ಎರೆಹೊಲ, ಹತ್ತಿ ತುಂಬುವ ಎರಡು ಕೋಣೆ, ಊರ ಕಟ್ಟೆಯ ಮೇಲೆ ಒಂದು ಖಾಯಂ ಜಾಗ ಇದ್ದ ಮನುಷ್ಯ. ಹಿಂದಿನ ದಿನ ಸಂಜೆ ರೊಟ್ಟಿ ಉಂಡು ಕೈ ತೊಳೆಯಲು ಎದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅವರ ಪೈಕಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಮೀಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಇಷ್ಟಲಿಂಗ ಕಟ್ಟಿ ಪಡಸಾಲೆಯಲ್ಲಿ ಕೂರಿಸುತ್ತಾರೆ. ಸಂಜೆ ಬಿದಿರಿನ ವಿಮಾನದಲ್ಲಿ ಕೂತ ಹಾಗೆಯೇ ಒಯ್ದು, ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಚಂದ್ರಣ್ಣ ಕೂತಿರಲೇಬೇಕಿತ್ತು. ಯಾರು ಏನಂದರೂ ಎದ್ದು ಕಟ್ಟೆಯ ಕಡೆ ಹೋಗುವ ಹಾಗಿರಲಿಲ್ಲ.

ಅಕ್ಕನಾಗಮ್ಮ ಭಾವನ ಜೊತೆ ಒಂದು ಸಲವೂ ಮಾತಾಡಿದವಳಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನೆದುರು ಬಾಯಿ ತೆರೆಯುವುದು ಆ ಮನೆತನದಲ್ಲಿ ಇಲ್ಲ. ಹೇಳುವುದೇನಾದರೂ ಇದ್ದರೆ ಸೆರಗು ಮುಂದಕ್ಕೆಳೆದುಕೊಂಡು ಗೋಡೆಗೆ ಹೇಳಬೇಕು, ಇಲ್ಲವೇ ಅವನ ಹೆಂಡತಿಯಾದ ನೆಗೆಣ್ಣಿಯ ಬಾಯಲ್ಲಿ ಹೇಳಿ ಕಳಿಸಬೇಕು. ಇದಕ್ಕೆ ಒಂದು ದಿನ ಮಾತ್ರ ವಿನಾಯಿತಿ. ಭಾವ ಸತ್ತ ದಿನ ಮನೆಯ ಹೆಂಗಸು ಹೆಣದ ಮುಂದೆ ಕೂತು ಹಾಡಾಡಿ ಅಳಬೇಕು. ಆಗ ಅವನನ್ನು ಹೆಸರು ಹಿಡಿದೇ ಕರೆಯಬಹುದು, ಮುಖ ನೋಡಿಕೊಂಡೇ ಮಾತಾಡಬಹುದು. ಹಾಡಾಡಿ ಅಳುವವಳ ಬಾಯಿಗೆ ಹಿರಿಯರು ಕೂಡ ಅಡ್ಡ ಬರುವಂತಿಲ್ಲ. ಅಕ್ಕನಾಗಮ್ಮ ಆ ಒಂದು ದಿನಕ್ಕಾಗಿ ಕಾದಿದ್ದಳು. ಬೀಸುವಾಗ, ಕುಟ್ಟುವಾಗ, ಹತ್ತಿ ಬಿಡಿಸುವಾಗ ಒಂದೊಂದೇ ಸಾಲು ಕಟ್ಟಿ ಇಟ್ಟುಕೊಂಡಿದ್ದಳು. ಇದನ್ನು ಅವಳು ಮುಚ್ಚಿಟ್ಟವಳೂ ಅಲ್ಲ. ಒಮ್ಮೆ ಸಿಟ್ಟಿನ ಭರದಲ್ಲಿ ನೆಗೆಣ್ಣಿಗೆ ಹೇಳಿದ್ದಳು: "ನಿನ್ನ ಗಂಡ ಸಾಯೋ ದಿನ ಐತಲ್ಲ, ಅವತ್ತು ಅಳ್ತೀನಿ ನೋಡಕ್ಕಾ. ಆದವಾನಿತನ ಕೇಳಿಸಬೇಕು."

ನೆಗೆಣ್ಣಿ ಕೊಟ್ರಮ್ಮ ಅದನ್ನು ಗಂಡನಿಗೆ ಹೇಳದೆ ಇರುತ್ತಾಳೆಯೇ?

ಹೊತ್ತು ಏರುತ್ತಿದ್ದಂತೆ ಜನ ಸೇರತೊಡಗಿದರು. ಓಣಿಯ ಎರ್ರಮ್ಮ ಬಂದಳು. ಊರಲ್ಲಿ ಯಾರ ಮನೆಯ ಸಾವಿಗೂ ಅಳುವಿಗೆ ದನಿ ಕೂಡಿಸುವವಳು ಅವಳೇ. ಬಂದವಳು ಹೆಣದ ಪಾದ ಮುಟ್ಟಿ, ಕಣ್ಣೊರೆಸಿಕೊಂಡು ಅಕ್ಕನಾಗಮ್ಮನ ಕೈ ಹಿಡಿದಳು.

"ದೊಡ್ಡ ಜೀವ ಹೋತವ್ವಾ. ನಿಮ್ಮನ್ನ ರಂಗೂನಿನಿಂದ ಕರೆಸಿ ಜೀವ ಉಳಿಸಿದ ಪುಣ್ಯಾತ್ಮ. ನೀನಾ ಮೊದಲು ಶುರು ಮಾಡಬೇಕು, ನಿನಗಾ ಆ ಹಕ್ಕೈತಿ."

"ನಾನಾ ಮಾಡ್ತೀನಿ ಎರ್ರಮ್ಮತ್ತಿ. ಎಲ್ಲಾರೂ ಬರ್ಲಿ."

"ಯಾರು ಬರಬೇಕಿನ್ನಾ?"

"ಆದವಾನಿ ಬೀಗರು."

ಕೊಟ್ರಮ್ಮ ಇದನ್ನು ಕೇಳಿಸಿಕೊಂಡಳು. ಬರಬೇಕಾದವರು ಅವಳ ತವರಿನವರು; ಗಂಡನ ಪಕ್ಕದಲ್ಲಿ ಕೂತಿದ್ದವಳ ಅಳು ಅಲ್ಲಿಗೇ ನಿಂತಿತು.

*

ರಂಗೂನಿಗೆ ಹೋದದ್ದು ಅಕ್ಕನಾಗಮ್ಮನ ಗಂಡ ಈರಣ್ಣನ ಹುಚ್ಚು. ಎಮ್ಮಿಗನೂರಿನ ಮಗ್ಗದ ಪಂಚೆ, ವಲ್ಲಿ, ಸೀರೆ ಅಲ್ಲಿ ಚೆನ್ನಾಗಿ ಹೋಗುತ್ತವೆ, ಗಿರಣಿಗಳಲ್ಲಿ ನಮ್ಮ ಕಡೆಯ ಕೂಲಿ ಜನ ಬೇಕಾದಷ್ಟಿದ್ದಾರೆ ಎಂದು ಯಾರೋ ಹೇಳಿದರು, ಇವನು ಮೂಟೆ ಕಟ್ಟಿದ. ಮದುವೆಯಾಗಿ ಎರಡು ತಿಂಗಳಾಗಿದ್ದ ಅಕ್ಕನಾಗಮ್ಮ ಮದ್ರಾಸಿನಲ್ಲಿ ಹಡಗು ಹತ್ತುವಾಗ ಅತ್ತು ಅತ್ತು ಮೂರ್ಛೆ ಹೋಗಿದ್ದಳು. ಒಂಬತ್ತು ವರ್ಷದ ಮೇಲೆ ರಂಗೂನಿನಲ್ಲಿ ಹಡಗು ಹತ್ತುವಾಗಲೂ ಅತ್ತಳು. ಮೊದಲನೆಯ ಅಳು ಎಷ್ಟು ದಡ್ಡತನದ್ದು ಎನ್ನುವುದು ಆಗ ತಿಳಿದಿತ್ತು.

ಅಲ್ಲಿ ಒಂದು ಮೊಳದಷ್ಟು ಅಗಲದ ಅಂಗಡಿ. ಈರಣ್ಣ ಮೂಟೆ ಹೊತ್ತು ಕೂಲಿಗಳ ಸಾಲುಮನೆಗಳಿಗೆ ಹೋದರೆ ಅಂಗಡಿಯಲ್ಲಿ ಕೂರುವವರು ಯಾರು? ಮೊದಲ ವಾರ ಅಕ್ಕನಾಗಮ್ಮ ಸೆರಗಿನೊಳಗೆ ಮುಖ ಹುದುಗಿಸಿ ಕೂತಳು. ಪಕ್ಕದ ಅಂಗಡಿಯ ಬರ್ಮೀ ಹೆಂಗಸು ಮಾ ಟಿನ್ ಅದನ್ನು ಕಂಡು ಬಿದ್ದು ಬಿದ್ದು ನಕ್ಕಳು. ಆ ಊರಲ್ಲಿ ಬಜಾರವೆಲ್ಲ ಹೆಂಗಸರದೇ. ಕೂಗಿ ಕರೆಯುವವರೂ ಅವರೇ, ಚೌಕಾಸಿ ಮಾಡುವವರೂ ಅವರೇ. ಮಾ ಟಿನ್ ಬಾಯಲ್ಲಿ ಮೊಣಕೈಯುದ್ದದ ಚುಟ್ಟ, ಕಾಲಲ್ಲಿ ಚಪ್ಪಲಿ, ಕೆನ್ನೆಗೆ ತೊಗಟೆ ತೇಯ್ದ ಗಂಧ. ಒಂದು ವರ್ಷದೊಳಗೆ ಅಕ್ಕನಾಗಮ್ಮನೂ ಚಪ್ಪಲಿ ಮೆಟ್ಟಿದಳು, ಗಜಕಡ್ಡಿ ಹಿಡಿದಳು, ಗಂಡಸರ ಕಣ್ಣಲ್ಲಿ ಕಣ್ಣಿಟ್ಟು ಬೆಲೆ ಹೇಳಿದಳು. ಚುಟ್ಟ ಮಾತ್ರ ಸೇದಲಿಲ್ಲ, ಕೊರಳಲ್ಲಿ ಲಿಂಗವಿತ್ತು. ಊರಲ್ಲಿ ದಂಗೆ ಎದ್ದು ನಮ್ಮ ಕಡೆಯವರನ್ನು ಅಟ್ಟಾಡಿಸಿ ಹೊಡೆದಾಗ ಇಬ್ಬರನ್ನೂ ಮೂರು ದಿನ ಅಕ್ಕಿಯ ಅಟ್ಟದ ಮೇಲೆ ಬಚ್ಚಿಟ್ಟು, ಬಾಗಿಲಲ್ಲಿ ಕತ್ತಿ ಹಿಡಿದು ಕೂತವಳೂ ಆ ಮಾ ಟಿನ್ನೇ.

ಆಮೇಲೆ ಕಾಗದ ಬಂತು. ಚಂದ್ರಣ್ಣನ ಕೈಬರಹ, ಮೂರು ಸಾಲು: ಅವ್ವ ಹಾಸಿಗೆ ಹಿಡಿದಿದ್ದಾಳೆ, ಈರ ಈರ ಎಂದು ನಿನ್ನನ್ನೇ ಕರೆಯುತ್ತಿದ್ದಾಳೆ, ಮುಖ ನೋಡಬೇಕೆಂದರೆ ಮುಂದಿನ ಹಡಗಿಗೆ ಬಾ. ಈರಣ್ಣ ಕಾಗದ ಓದಿ ಮುಗಿಸುವ ಮೊದಲೇ ಅಂಗಡಿಯ ಹಲಗೆ ಇಳಿಸಿದ. ಮಾಲನ್ನು ಸಿಕ್ಕಿದವರಿಗೆ ಸಿಕ್ಕಿದ ಹಾಗೆ ಕೊಟ್ಟರು. ಜಾಗವನ್ನು ಬೇರೆಯವರಿಗೆ ಬಿಟ್ಟರು.

ಆದವಾನಿಯಲ್ಲಿ ರೈಲು ಇಳಿದು, ಗಾಡಿ ಹಿಡಿದು ಮನೆ ಮುಂದೆ ಬಂದರೆ ಅತ್ತೆ ಹೊಸ್ತಿಲ ಹೊರಗೆ ಕೂತು ಜೋಳ ಕೇರುತ್ತಿದ್ದಳು. ಮೊರ ಮೇಲೆ ಹಾರುತ್ತಿತ್ತು, ಕೆಳಗೆ ಬೀಳುತ್ತಿತ್ತು. ಅಂಥ ಗಟ್ಟಿ ಕೈ. "ಬಂದ್ಯಾ ಈರ" ಎಂದಳು, ಸಂತೆಗೆ ಹೋಗಿ ಬಂದವನನ್ನು ಕೇಳುವ ಹಾಗೆ.

ಒಳಗಿಂದ ಬಂದ ಚಂದ್ರಣ್ಣ ತಮ್ಮನ ಬೆನ್ನು ತಟ್ಟಿ ನಕ್ಕ. "ಹಿಂಗ ಬರೀದಿದ್ರ ನೀ ಬರ್ತಿದ್ದೇನಲೇ? ಒಬ್ಬಾವ ಎಷ್ಟಂತ ನೋಡ್ಲಿ ಈ ಹೊಲ?"

ಈರಣ್ಣನೂ ನಕ್ಕುಬಿಟ್ಟ. ಅಣ್ಣನ ಮಾತಿಗೆ ನಗದೆ ಇರುವುದು ಅವನಿಗೆ ಗೊತ್ತಿರಲಿಲ್ಲ. ಅಕ್ಕನಾಗಮ್ಮ ಸೆರಗಿನೊಳಗಿಂದ ಭಾವನ ಕಾಲುಗಳನ್ನು ಮಾತ್ರ ನೋಡಿದಳು. ಅವಳ ಕಾಲಲ್ಲಿ ಇನ್ನೂ ಚಪ್ಪಲಿ ಇದ್ದವು. "ಭಾವನ ಮುಂದ ಕೆರ ಮೆಟ್ಟಿಕೊಂಡು ನಿಂತೀಯೇನು, ಬಿಡು" ಎಂದಳು ಅತ್ತೆ. ಬಿಟ್ಟಳು. ಮುಂದಿನ ಬಿತ್ತನೆ ಆಗಲಿ, ಈ ಸಲದ ಹತ್ತಿ ಮನೆ ಸೇರಲಿ, ಅವ್ವನ ಕಣ್ಣಿನ ಪೊರೆ ತೆಗೆಸಿ ಬಿಡೋಣ ಎನ್ನುತ್ತ ಈರಣ್ಣ ರಂಗೂನಿಗೆ ಮರಳಿ ಹೊರಡುವ ದಿನವನ್ನು ಮುಂದಕ್ಕೆ ಹಾಕುತ್ತಲೇ ಹೋದ. ಅಷ್ಟರಲ್ಲಿ ಯುದ್ಧ ಬಂತು. ಮದ್ರಾಸಿನಿಂದ ಹಡಗುಗಳು ಹೊರಡುವುದೇ ನಿಂತಿತು.

*

ಮಧ್ಯಾಹ್ನ ಆದವಾನಿಯಿಂದ ಎರಡು ಗಾಡಿ ಬಂದವು. ಮುಂದಿನದರಲ್ಲಿ ಕೊಟ್ರಮ್ಮನ ಅಣ್ಣ ಬಜಾರಪ್ಪ. ಅರಳೆ ವ್ಯಾಪಾರದಲ್ಲಿ ಹೆಸರು ಮಾಡಿದವನು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು.

"ಅಯ್ಯಯ್ಯೋ, ಎಂಥಾ ಮಂಚಿ ಮನಿಷಿ! ಕೂತಾನ ನೋಡ್ರಿ, ರಾಜನಂಗ ಕೂತಾನ" ಎಂದು ಹೆಣದ ಮುಂದೆ ಕೈ ಮುಗಿದ.

ಕೊಟ್ರಮ್ಮ ಅಣ್ಣನ ಹತ್ತಿರ ಹೋಗಲಿಲ್ಲ. ಅಕ್ಕನಾಗಮ್ಮನ ರಟ್ಟೆ ಹಿಡಿದು ಹಿಂದಿನ ಹತ್ತಿಕೋಣೆಗೆ ಎಳೆದುಕೊಂಡು ಹೋದಳು.

"ನಾಗೂ, ಇವತ್ತೊಂದಿನ ಬ್ಯಾಡ ಬೇ."

"ಇವತ್ತೊಂದಿನಾ ಇರೋದು ನನಗ."

"ಸತ್ತಾನ. ಸತ್ತಾವ್ನ ಮ್ಯಾಲೆ ಎಂಥಾ ಹಗಿ?"

"ಬದುಕಿದ್ದಾಗ ಬಾಯಿ ತೆಗೀಬಾರದು, ಸತ್ತ ಮ್ಯಾಲ ಹಗಿ ಇರಬಾರದು. ಮತ್ತ ಯಾವಾಗಕ್ಕಾ ನಾನು ಮಾತಾಡೋದು?"

ಕೊಟ್ರಮ್ಮ ಅವಳ ರಟ್ಟೆ ಬಿಟ್ಟಳು. ಹತ್ತಿಯ ರಾಶಿಗೆ ಒರಗಿದಳು.

"ಆತಗ ನಿನ್ನ ಅಂಜಿಕಿ ಇತ್ತು" ಎಂದಳು ಕೊನೆಗೆ. "ಹಬ್ಬದಾಗ ಮೊದಲ ಹೋಳಿಗಿ ನಾಗಮ್ಮಗ ಹಾಕು ಅಂತಿದ್ದ. ಎದಿ ನೋವು ಬಂದಾಗೆಲ್ಲ ಅಂತಿದ್ದ, ನಾ ಹೋದ್ರ ಆಕಿನ್ನ ಅವತ್ತು ತವರಿಗೆ ಕಳಸು ಅಂತ."

"ತವರಿನ್ಯಾಗ ಯಾರದಾರ ನನಗ?"

"ಅದನ್ನಾ ನಾನೂ ಅಂದಿದ್ದೆ."

ಭಾವ ಹೆದರಿದ್ದ ಎಂದು ಕೇಳಿ ಅಕ್ಕನಾಗಮ್ಮನಿಗೆ ಕರಗಬೇಕಿತ್ತೋ ಏನೋ. ಅವಳಿಗೆ ಖುಷಿಯಾಯಿತು. ತಿಂದ ಒಂದೊಂದು ಹೋಳಿಗೆಯೂ ಈಗ ಸಿಹಿಯಾಯಿತು.

*

ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ ಸುದ್ದಿ ಬಂದ ದಿನದಿಂದ ಚಂದ್ರಣ್ಣನ ನಸೀಬು ತೆರೆಯಿತು. ಅಲ್ಲಿಂದ ಕಾಡು ಗುಡ್ಡ ದಾಟಿ ನಡೆದು ಬಂದವರ ಕತೆಗಳು ಒಂದೊಂದಾಗಿ ಊರು ತಲುಪಿದವು. ನಾಗಲದಿನ್ನೆಯವನೊಬ್ಬ ಹೊರಟ ಆರು ಜನರಲ್ಲಿ ಒಬ್ಬನೇ ಬಂದಿದ್ದ. ಇದನ್ನೆಲ್ಲ ಕೇಳಿದ ಜನ ಚಂದ್ರಣ್ಣನ ಕಡೆ ತಿರುಗಿದರು. ಅವನೂ ಕಟ್ಟೆಯ ಮೇಲೆ ಕೂತು ಮೀಸೆ ಸವರಿದ. "ನನಗ ಮೊದ್ಲಾ ಹೊಳದಿತ್ತು ನೋಡ್ರಿ. ಅದಕ್ಕಾ ಸುಳ್ಳು ಕಾಗದ ಬರದೆ." ಸುಳ್ಳನ್ನು ಅವನು ಮುಚ್ಚಿಡಲಿಲ್ಲ, ರುಮಾಲಿಗೆ ತುರಾಯಿ ಸಿಕ್ಕಿಸಿಕೊಂಡ ಹಾಗೆ ಸಿಕ್ಕಿಸಿಕೊಂಡ.

ಈರಣ್ಣನೂ ಅದನ್ನೇ ನಂಬಿದ. "ಅಣ್ಣ ಇಲ್ಲದಿದ್ರ ನಾವು ಬೂದಿ ಆಗ್ತಿದ್ವಿ" ಎಂದು ಹೆಂಡತಿಗೆ ಹೇಳಿದ. ಆ ಮಾತು ಆಡಿ ಒಂದು ವರ್ಷಕ್ಕೆ ಕಾಲರಾ ಬಂತು. ರಂಗೂನಿನಲ್ಲಿ ಒಂಬತ್ತು ವರ್ಷ ನಲ್ಲಿಯ ನೀರು ಕುಡಿದು ಕಲ್ಲಿನ ಹಾಗಿದ್ದ ಮನುಷ್ಯ ಸ್ವಂತ ಊರಿನ ಬಾವಿಯ ನೀರು ಕುಡಿದು ಒಂದೇ ಹಗಲಿನಲ್ಲಿ ಹೋದ. ಮಕ್ಕಳಿರಲಿಲ್ಲ, ಅತ್ತೆಯೂ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಕ್ಕನಾಗಮ್ಮ ಹನ್ನೊಂದನೆಯ ದಿನ ಪಡಸಾಲೆಯ ಗೋಡೆಗೆ ಮುಖ ಮಾಡಿ, ಭಾವನಿಗೆ ಕೇಳಿಸುವ ಹಾಗೆ ಒಂದೇ ಮಾತು ಅಂದಳು: "ರಂಗೂನಿನ್ಯಾಗ ಇದ್ದಿದ್ರ ಬದುಕ್ತಿದ್ರು."

ಚಂದ್ರಣ್ಣ ಉಣ್ಣುತ್ತಿದ್ದ ತಟ್ಟೆಯನ್ನು ದೂಡಿ ಎದ್ದ. "ಕೊಟ್ರಾ, ಹೇಳು ಆಕಿಗೆ. ಇವತ್ತಿನಿಂದ ಈ ಮನ್ಯಾಗ ಆ ಊರಿನ ಹೆಸರು ತೆಗೀಬಾರದು. ಯಾರೂ."

ಯಾರೂ ಅಂದರೆ ಹೆಂಗಸರು. ಕಟ್ಟೆಯ ಮೇಲೆ ಅವನು ರಂಗೂನಿನ ಮಾತು ಬಿಡಲಿಲ್ಲ. ಒಳಗೆ ಮಾತ್ರ ಎಲ್ಲ ಬಂದಾಯಿತು. ಅಲ್ಲಿಯವರೆಗೆ ಕೊಟ್ರಮ್ಮ ಬೀಸುವಾಗ ಅದೂ ಇದೂ ಕೇಳುತ್ತಿದ್ದಳು. ಹಡಗಿನಲ್ಲಿ ನೀರು ಯಾವ ಬಣ್ಣ, ಟ್ರಾಂ ಎಂದರೆ ಎತ್ತು ಎಲ್ಲಿ ಕಟ್ಟುತ್ತಾರೆ, ಬಂಗಾರದ ಗುಡಿ ನಿಜವಾಗಿಯೂ ಬಂಗಾರದ್ದೇ? ಅವಳೂ ಕೇಳುವುದನ್ನು ಬಿಟ್ಟಳು. ಊರನ್ನು ಕಳೆದುಕೊಂಡದ್ದಾಯಿತು, ಗಂಡನನ್ನು ಕಳೆದುಕೊಂಡದ್ದಾಯಿತು, ಆಮೇಲೆ ಆ ಊರಿನ ಹೆಸರನ್ನೂ ಬಾಯಿಂದ ಕಿತ್ತುಕೊಂಡರು. ಅಕ್ಕನಾಗಮ್ಮ ಭಾವನನ್ನು ಕ್ಷಮಿಸದೆ ಉಳಿದದ್ದು ಈ ಮೂರನೆಯದಕ್ಕೆ.

*

ಕುಣಿ ತೋಡಿ ಮುಗಿಯಿತೆಂದು ಆಳು ಬಂದು ಹೇಳಿದ. ಜಂಗಮ ಗುರುಪಾದಯ್ಯ ಕೊನೆಯ ಪೂಜೆಗೆ ಅಣಿ ಮಾಡತೊಡಗಿದರು. ಎರ್ರಮ್ಮ ತಲೆಯಾಡಿಸಿದಳು. ಅಕ್ಕನಾಗಮ್ಮ ಪಡಸಾಲೆಗೆ ಬಂದು, ಹೆಣದ ಎದುರಿಗೆ ಮಂಡಿ ಊರಿ ಕೂತು ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಭಾವಾ..." ಎಂದಳು.

ಆ ಬಾಯಿಂದ ಆ ಪದವನ್ನು ಆ ಮನೆ ಹಾಗೆ ಎಂದೂ ಕೇಳಿರಲಿಲ್ಲ. ಅಂಗಳದ ಗಂಡಸರೂ ಒಳಗೆ ಇಣುಕಿದರು.

"ಕೇಳ್ರಿ ಭಾವಾ, ಎದ್ದು ಹೋಗಬ್ಯಾಡ್ರಿ ಕೇಳ್ರೀ...
ಅತ್ತಿ ಬಾಗಲಾಗ ಜ್ವಾಳ ಕೇರತಿದ್ಲು,
ಬದುಕಿದ ತಾಯಿನ್ನ ಕಾಗದದಾಗ ಕೊಂದ್ರೀ...
ತೆರೆದ ಅಂಗಡಿ ಬಾಗಲ ಹಾಕಿಸಿದ್ರೀ,
ಕಡಲಿನಾಚಿಂದ ತಮ್ಮನ್ನ ಕರೆಸಿ
ಕೆಟ್ಟ ಬಾವಿಯ ನೀರು ಕುಡಿಸಿದ್ರೀ..."

ಕೊಟ್ರಮ್ಮ ಕಣ್ಣು ಮುಚ್ಚಿಕೊಂಡಳು. ಬಜಾರಪ್ಪ ದಡಕ್ಕನೆ ಎದ್ದು ನಿಂತ. "ಏನಿದು? ಆಯಮ್ಮನ ನೋರು ಮುಚ್ಚಸ್ರಿ ಯಾರಾದ್ರೂ!"

"ಕೂಡ್ರಪ್ಪ" ಎಂದರು ಗುರುಪಾದಯ್ಯ, ಪೂಜೆಯಿಂದ ತಲೆ ಎತ್ತದೆ. "ಹಾಡ್ಯಾಡಿ ಅಳೋರನ್ನ ತಡೆಯಾಕ ಬರಾಂಗಿಲ್ಲ."

ಅಕ್ಕನಾಗಮ್ಮ ಹಿಗ್ಗಿದಳು. ಇನ್ನು ಯಾರೂ ತಡೆಯಲಾರರು. ಆದರೆ ಆ ಹೊತ್ತಿಗೆ ಎರ್ರಮ್ಮ ಎದೆ ಬಡಿದುಕೊಂಡು, ಪದ್ಧತಿಯ ಹಾಗೆ ಸಾಲನ್ನು ಎತ್ತಿಕೊಂಡಳು:

"ಸುಳ್ಳು ಬರೆದು ಜೀವ ಉಳಿಸಿದ್ಯಲ್ಲೋ ನನ್ನಪ್ಪಾ... ಬಾಂಬಿನ ಬಾಯಿಂದ ತೆಗೆದು ತಂದ್ಯಲ್ಲೋ..."

ಹೆಂಗಸರೆಲ್ಲ ಒಟ್ಟಿಗೆ ಗೊಳೋ ಎಂದರು. ಬಜಾರಪ್ಪ ಮತ್ತೆ ಕೂತು ವಲ್ಲಿಯಿಂದ ಕಣ್ಣೊರೆಸಿಕೊಂಡ. "ಅದೂ ನಿಜಾನಾ. ಎಂಥಾ ಮುಂದಾಲೋಚನಿ" ಎಂದು ಪಕ್ಕದವನಿಗೆ ಹೇಳಿದ.

ಅಕ್ಕನಾಗಮ್ಮ ಬೆಪ್ಪಾದಳು. ಇನ್ನೊಂದು ಸಾಲು ಎತ್ತಿದಳು, ಮೊದಲನೆಯದಕ್ಕಿಂತ ಖಾರವಾದದ್ದು. ಅದನ್ನೂ ಎರ್ರಮ್ಮ ಬೆಲ್ಲದಲ್ಲಿ ಅದ್ದಿ ವಾಪಸು ಕೊಟ್ಟಳು. ಎಂಟು ವರ್ಷ ಮಸೆದಿಟ್ಟ ಮಾತುಗಳೆಲ್ಲ ಇವರ ಬಾಯಿಗೆ ಹೋಗಿ ಹೊಗಳಿಕೆಯಾಗಿ ಬರುತ್ತಿದ್ದವು. ವಿಭೂತಿ ಬಳಿದುಕೊಂಡ ಭಾವ ಸಾಕ್ಷಾತ್ ಶರಣನ ಹಾಗೆ ಕೂತಿದ್ದ. ಬೈದಷ್ಟೂ ಅವನು ದೊಡ್ಡವನಾಗುತ್ತಾನೆ. ಸರಿ, ಹಾಗಾದರೆ ಇವನ ಹೆಸರೇ ಬೇಡ, ಇವನಿಗೆ ಒಂದು ಬೈಗುಳವನ್ನೂ ಕೊಡುವುದಿಲ್ಲ ಎಂದುಕೊಂಡಳು.

ಹೆಣದ ಮುಂದಿನಿಂದ ಎದ್ದಳು. ಪಡಸಾಲೆಯ ಆಚೆ ಕೊನೆಗೆ ಹೋಗಿ ಕಂಬಕ್ಕೆ ಒರಗಿ ಕೂತಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕರೆದಳು:

"ರಂಗೂನವ್ವಾ... ನನ್ನ ರಂಗೂನವ್ವಾ..."

ಎರ್ರಮ್ಮ ಬಾಯಿ ತೆರೆದಳು, ಎತ್ತಿಕೊಳ್ಳುವ ಸಾಲು ಸಿಗಲಿಲ್ಲ. ಆ ಹೆಸರಿಗೆ ಜೋಡಿಸುವ ಪದ ಅವಳ ಹತ್ತಿರ ಒಂದೂ ಇರಲಿಲ್ಲ.

"ತವರಿಲ್ಲದಾಕಿಗೆ ತವರಾಗಿದ್ದಿ ನನ್ನವ್ವಾ...
ಐದು ತಿಂಗಳ ಮಳಿ ಸುರಿಸಿ ನನ್ನ ತಲಿ ತೊಳೆದಿದ್ದಿ,
ಬೀದಿ ನಡುವ ಟ್ರಾಂ ಬಿಟ್ಟು ಕೂಡ್ರು ಮಗಳಾ ಅಂದಿದ್ದಿ...
ನನ್ನ ಕೈಯಾಗ ಗಜಕಡ್ಡಿ ಕೊಟ್ಟಿದ್ದೀ,
ನನ್ನ ಕಾಲಾಗ ಚಪ್ಪಲಿ ಇಟ್ಟಿದ್ದೀ...
ಮಾ ಟಿನ್ನಕ್ಕಾ, ನನ್ನ ಕೆನ್ನಿಗೆ ಗಂಧ ತೇಯ್ದಾಕೀ,
ಬಾಂಬು ಬಿದ್ದಾಗ ಎಲ್ಲಿ ಓಡಿದೀ,
ನಿನ್ನನ್ನ ಅಟ್ಟದ ಮ್ಯಾಲ ಬಚ್ಚಿಡಾಕ ನಾನಿರಲಿಲ್ಲಲ್ಲಾ..."

ಇಲ್ಲಿ ಅವಳ ದನಿ ಒಡೆಯಿತು. ಕಟ್ಟಿಟ್ಟ ಸಾಲುಗಳು ಮುಗಿದಿದ್ದವು. ಇನ್ನು ಬಂದದ್ದೆಲ್ಲ ನಿಜವಾದ ಅಳು. ಎಂಟು ವರ್ಷದಲ್ಲಿ ಒಮ್ಮೆಯೂ ಯಾರೂ ಅವಳನ್ನು ಆ ಊರಿಗಾಗಿ ಅಳಲು ಬಿಟ್ಟಿರಲಿಲ್ಲ.

ಹೆಂಗಸರ ಗೊಳೋ ನಿಂತಿತು. ಮೊದಲು ನೆರೆಮನೆಯ ಇಬ್ಬರು ಸೊಸೆಯಂದಿರು ಹತ್ತಿರ ಸರಿದರು, ಆಮೇಲೆ ಹತ್ತಿ ಬಿಡಿಸುವ ಆಳುಹೆಂಗಸು ಮಾರೆಮ್ಮ, ಆಮೇಲೆ ಎರ್ರಮ್ಮನೇ. ಸರಿದು ಸರಿದು ಕಂಬದ ಸುತ್ತ ಒತ್ತಾಗಿ ಕೂತರು. ಹೆಣಕ್ಕೆ ಬೆನ್ನಾಯಿತು ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಎರೆಹೊಲ ಬಿಟ್ಟು ಎಮ್ಮಿಗನೂರಿನ ಸಂತೆಯಾಚೆ ಹೋಗದ ಆ ಹೆಂಗಸರು ನೋಡದ ಊರೊಂದಕ್ಕೆ ಬಿಕ್ಕಿ ಬಿಕ್ಕಿ ಅತ್ತರು. ಮಾರೆಮ್ಮ ಮೆಲ್ಲಗೆ, "ಅಂಗಡಿಯಾಗ ನೀನಾ ಕೂಡ್ರತಿದ್ಯೇನವ್ವಾ, ಒಬ್ಬಾಕೀನಾ?" ಎಂದು ಕೇಳಿದಳು. ಅಕ್ಕನಾಗಮ್ಮ ಅದಕ್ಕೂ ರಾಗದಲ್ಲೇ ಉತ್ತರ ಕೊಟ್ಟಳು.

ಗುರುಪಾದಯ್ಯರ ಪೂಜೆ ಮುಗಿಯಿತು. ಗಂಡಸರು ಹೆಣವನ್ನು ವಿಮಾನಕ್ಕೆ ಎತ್ತಿದರು. ವಿಮಾನ ಎದ್ದ ಕೂಡಲೇ ಮನೆಯ ಹೆಂಗಸರು ಅದರ ಹಿಂದೆ ಹೊಸ್ತಿಲವರೆಗೆ ಅಳುತ್ತ ಹೋಗಬೇಕು. ಹಾಗೆ ಯಾರೂ ಹೋಗದೆ ಇರುವುದು ದಿಕ್ಕುದೆಸೆ ಇಲ್ಲದೆ ಸತ್ತವನಿಗೆ ಮಾತ್ರ.

"ಏಳ್ರಮ್ಮಾ" ಎಂದು ಬಜಾರಪ್ಪ ಬಾಗಿಲಿಂದ ಕೂಗಿದ. "ಕೊಟ್ರಾ, ಏಳು. ಹೊಂಟೈತಿ."

ಕೊಟ್ರಮ್ಮ ಎದ್ದಳು. ಕೆಂಪಾದ ಕಣ್ಣಿನಿಂದ ಗಂಡನನ್ನು ನೋಡಿದಳು, ವಿಮಾನದ ಹೂಗಳ ನಡುವೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದವನನ್ನು. ಎರಡು ಹೆಜ್ಜೆ ಇಟ್ಟಳು. ಅದು ಬಾಗಿಲ ಕಡೆ ಇಟ್ಟ ಹೆಜ್ಜೆಯಾಗಿರಲಿಲ್ಲ. ಎರ್ರಮ್ಮನನ್ನು ಸರಿಸಿ, ಕಂಬದ ಬುಡದಲ್ಲಿ ನೆಗೆಣ್ಣಿಯ ಮಂಡಿಗೆ ಮಂಡಿ ತಾಗಿಸಿ ಕೂತಳು.

"ನಾಗೂ" ಎಂದಳು. "ಆ ಬಂಗಾರದ ಗುಡಿ ಹಡಗಿನ್ಯಾಗಿಂದಾನಾ ಕಾಣತಿತ್ತೇನು?"

ಹೊರಗೆ ಹಲಗೆ ಬಾರಿಸತೊಡಗಿದರು. ವಿಮಾನ ಹೊಸ್ತಿಲು ದಾಟಿ, ಅಂಗಳ ದಾಟಿ, ಓಣಿಗೆ ಇಳಿಯಿತು. ಗಂಡಸರು ಹೋಗುತ್ತ ಹೋಗುತ್ತ ಹಿಂದೆ ತಿರುಗಿ ನೋಡಿದರು. ತೆರೆದ ಬಾಗಿಲೊಳಗೆ ಹನ್ನೆರಡು ಹೆಂಗಸರ ಬೆನ್ನು ಕಾಣುತ್ತಿತ್ತು. ಅವರ ನಡುವೆ ಅಕ್ಕನಾಗಮ್ಮ ತಲೆಯ ಮೇಲೆ ಸೆರಗಿಲ್ಲದೆ ಕೂತು, ಬಲಗೈಯನ್ನು ಎತ್ತರಕ್ಕೆ ಚಾಚಿ, ಗುಡಿ ಎಷ್ಟು ದೂರದಿಂದ ಕಾಣುತ್ತಿತ್ತೆಂದು ತೋರಿಸುತ್ತಿದ್ದಳು.